ದುಂಡನೆಯ ಕೀ

ಮಾಸ್ತರರ ಬೆರಳತುದಿಗಳು ಚಪ್ಪಟೆಯಾಗಿದ್ದವು. ಮೂವತ್ತು ವರ್ಷಕ್ಕೂ ಮೇಲೆ ಟೈಪ್‌ರೈಟರ್ ಹೊಡೆದ ಬೆರಳುಗಳು ಅವು. ಬಲಗೈ ಹೆಬ್ಬೆರಳಿನ ಉಗುರನ್ನು ಮಾತ್ರ ಅವರು ಉದ್ದ ಬಿಟ್ಟಿದ್ದರು. ಕೀಬೋರ್ಡಿನ ಸ್ವಿಚ್ಚಿನ ಮುಚ್ಚಳ ಎಬ್ಬಿಸಲು ಅದಕ್ಕಿಂತ ಒಳ್ಳೆಯ ಹತ್ಯಾರ ಪೇಟೆಯಲ್ಲಿ ಸಿಗುವುದಿಲ್ಲ ಎನ್ನುತ್ತಿದ್ದರು. ಆ ಉಗುರಿನ ಸಂದಿಯಲ್ಲಿ ಯಾವಾಗಲೂ ಬಿಳಿ ಗ್ರೀಸಿನ ಸಣ್ಣ ಗೆರೆ ಇರುತ್ತಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ಅವರು ತೀರಿಕೊಂಡು ಎರಡು ವರ್ಷವಾಯಿತು. ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಕಣ್ಣಿನ ಆಪರೇಷನ್ ಆಗಲಿ ಎಂದುಕೊಂಡೆ, ಆಯಿತು. ತಮ್ಮನ ಮಗಳ ಮದುವೆ ಮುಗಿಯಲಿ ಎಂದುಕೊಂಡೆ, ಮುಗಿಯಿತು. ಈಗ ನೆಪಗಳು ತೀರಿವೆ. ಮುಂದೂಡುತ್ತ ಬಂದದ್ದು ಪುರುಸೊತ್ತು ಇರಲಿಲ್ಲವೆಂದಲ್ಲ. ಮಾಸ್ತರರ ಬಗ್ಗೆ ನಿಜ ಬರೆದರೆ ನನ್ನ ಬಗ್ಗೆಯೂ ನಿಜ ಬರೆಯಬೇಕಾಗುತ್ತದೆ, ಅದಕ್ಕೆ.

ನಾನು ಹತ್ತನೆಯ ತರಗತಿ ಮುಗಿಸಿದಾಗ ಮುಂದೆ ಓದಿಸುವ ಅನುಕೂಲ ಮನೆಯಲ್ಲಿ ಇರಲಿಲ್ಲ. ಬಸವಕಲ್ಯಾಣದಲ್ಲಿ ಕೋಟೆಯ ಕಡೆ ಹೋಗುವ ಓಣಿಯಲ್ಲಿ, ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಮಾಸ್ತರರ ಟೈಪಿಂಗ್ ಶಾಲೆ ಇತ್ತು. ಆರು ಇಂಗ್ಲಿಷ್ ಮಶೀನು, ಒಂದು ಗೋಡೆ ಗಡಿಯಾರ, ಕುಡಿಯಲು ಒಂದು ಮಣ್ಣಿನ ಹೂಜಿ. ಮಾಸ್ತರರಿಗೆ ಆಗ ಮೂವತ್ತು ದಾಟಿರಬೇಕು. ಹಣೆಯ ಮೇಲೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ನಾವು ಟೈಪು ಮಾಡುವಾಗ ಅವರು ನಮ್ಮ ಹಿಂದೆ ಕೈಕಟ್ಟಿಕೊಂಡು, ಕಣ್ಣು ಮುಚ್ಚಿಕೊಂಡು ಅಡ್ಡಾಡುತ್ತಿದ್ದರು. ಹಾಳೆ ನೋಡುತ್ತಿರಲಿಲ್ಲ. ಸಪ್ಪಳದಲ್ಲೇ ತಪ್ಪು ಹಿಡಿಯುತ್ತಿದ್ದರು.

“ಏ ತಮ್ಮಾ, ನಿನ್ನ ಎಡಗೈ ಕಿರುಬೆರಳು ಅಂಜತದ ನೋಡು. ಹೊಸ ಅಳಿಯ ಮಾವನ ಮನಿಗಿ ಬಂದಂಗ ನಾಚಾಕತ್ತದ. ಅದಕ್ಕ ಜರಾ ಧೈರ್ಯ ಹೇಳು” ಎಂದು ನನಗೆ ಮೊದಲ ವಾರದಲ್ಲೇ ಹೇಳಿದ್ದರು.

ಅಂಕಿಗಳ ಪಾಠ ಬಂದ ದಿನ ನಾನು ಮೇಲಿನ ಸಾಲನ್ನೆಲ್ಲ ಹುಡುಕಿದೆ. ಅದು ಎರಡರಿಂದ ಶುರುವಾಗುತ್ತಿತ್ತು.

“ಸರ್, ಇದರಾಗ ಒಂದು ಎಲ್ಲದರಿ?”

ಮಾಸ್ತರರು ನಕ್ಕರು. “ಇಲ್ಲ. ಈ ಮಶೀನ್ ಮಾಡಿದವ ಕಂಜೂಸ್ ಇದ್ದ. ಸಣ್ಣ ಎಲ್ ಹೊಡಿ, ಒಂದರಂಗೇ ಕಾಣ್ತದ. ಬಲಗೈ ಉಂಗುರ ಬೆರಳು. ಕಣ್ಣು ಹಾಳಿ ಮ್ಯಾಲೇ ಇರ್ಲಿ. ಒಂದು ಅಂತ ಓದಿದ ಕೂಡ್ಲೆ ಬೆರಳು ತಾನೇ ಅಲ್ಲಿಗೆ ಹೋಗಬೇಕು, ತಿಳೀತಾ?”

ಹಳೆಯ ಇಂಗ್ಲಿಷ್ ಮಶೀನುಗಳಲ್ಲಿ ಹಾಗೆಯೇ ಇತ್ತು. ನಮ್ಮ ಕಾಲದ ಟೈಪಿಸ್ಟರೆಲ್ಲ ಕಲಿತದ್ದು ಹೀಗೆಯೇ. ಹಾಳೆಯ ಮೇಲೆ ಅದು ಒಂದೋ ಎಲ್ಲೋ ಎಂದು ಯಾರೂ ಕೇಳುತ್ತಿರಲಿಲ್ಲ, ನೋಡಲು ಎರಡೂ ಒಂದೇ. ನನ್ನ ಬೆರಳು ಆ ಪಾಠವನ್ನು ಚೆನ್ನಾಗಿ ಕಲಿಯಿತು. ಮರೆಯಲೇ ಇಲ್ಲ.

ಮುಂದೆ ನಾನು ಹುಮನಾಬಾದಿನಲ್ಲಿ ಕೋರ್ಟಿನ ಎದುರಿನ ಸಾಲಿನಲ್ಲಿ ಒಂದು ತಗಡಿನ ಅಂಗಡಿ ಹಿಡಿದು ಅರ್ಜಿ, ಅಫಿಡವಿಟ್ ಟೈಪು ಮಾಡುತ್ತ ಕೂತೆ. ಮಶೀನು ಹೋಗಿ ಕಂಪ್ಯೂಟರ್ ಬಂತು. ಮಾಸ್ತರರ ಶಾಲೆ ಮುಚ್ಚಿತು. ಆರು ಮಶೀನುಗಳನ್ನೂ ಗುಜರಿಯವನು ಕೈಗಾಡಿಯಲ್ಲಿ ಒಯ್ದನಂತೆ. ಆಮೇಲೆ ಒಂದು ತಿಂಗಳು ಅವರು ಮನೆಯಲ್ಲಿ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲವೆಂದು ಅವರ ಹೆಂಡತಿ ಹೇಳುತ್ತಿದ್ದರು. ನಾವು ಶಿಷ್ಯರೆಲ್ಲ ಅವರನ್ನು ಅವ್ವಾರು ಎಂದೇ ಕರೆಯುತ್ತಿದ್ದೆವು.

ಒಂದು ದಿನ ಮಾಸ್ತರರು ತಮ್ಮ ಮಶೀನುಗಳು ಇನ್ನೂ ಇವೆಯೇ ನೋಡೋಣವೆಂದು ಗುಜರಿ ಅಂಗಡಿಗೆ ಹೋದರು. ಅವು ಇರಲಿಲ್ಲ. ಕಬ್ಬಿಣದ ಗುಡ್ಡೆಯ ಮೇಲೆ ಯಾವುದೋ ಕಚೇರಿಯಿಂದ ಬಂದ ಹಳೆಯ ಕಂಪ್ಯೂಟರಿನ ಕೀಬೋರ್ಡ್ ಬಿದ್ದಿತ್ತು, ಕಲ್ಲಿನಷ್ಟು ಭಾರ. ಸುಮ್ಮನೆ ಒಂದು ಕೀ ಒತ್ತಿದರು.

“ಟಕ್ ಅಂತೋ ತಮ್ಮಾ! ಸತ್ತ ಗೆಳೆಯ ಹಿಂದಿನಿಂದ ಹೆಸರು ಹಿಡಿದು ಕೂಗಿದಂಗಾತು” ಎಂದು ಅವರು ಈ ಕಥೆಯನ್ನು ನನಗೆ ಹತ್ತು ಸಲವಾದರೂ ಹೇಳಿರಬೇಕು.

ಅಲ್ಲಿಂದ ಶುರುವಾಯಿತು ಅವರ ಹುಚ್ಚು. ಸೋವಿ ಕೀಬೋರ್ಡುಗಳ ಒಳಗೆ ಎಲ್ಲ ಕೀಗಳಿಗೂ ಸೇರಿ ಒಂದೇ ರಬ್ಬರ್ ಹಾಳೆ ಇರುತ್ತದೆ. ಮೆಕ್ಯಾನಿಕಲ್ ಎನ್ನುವ ಜಾತಿಯದರಲ್ಲಿ ಪ್ರತಿ ಕೀಗೂ ತನ್ನದೇ ಸ್ವಿಚ್, ತನ್ನದೇ ಸ್ಪ್ರಿಂಗ್. ನೂರು ಚಿಲ್ಲರೆ ಸ್ವಿಚ್ಚುಗಳನ್ನೂ ಬಿಚ್ಚಬಹುದು, ಒರೆಸಬಹುದು, ಬೇಕಾದಂತೆ ಬದಲಾಯಿಸಬಹುದು. ಮಾಸ್ತರರು ಮೊಬೈಲಿನಲ್ಲಿ ಯಾವುದೋ ದೇಶದವರ ವಿಡಿಯೊ ನೋಡಿ ಇದನ್ನೆಲ್ಲ ಕಲಿತರು. “ಮಾತು ತಿಳೀಲಿಲ್ಲಂದ್ರ ಏನಾತು, ಕೈ ಕಾಣಸ್ತದಲ್ಲ” ಎನ್ನುತ್ತಿದ್ದರು.

ಅವರ ಮನೆಗೆ ಹೋದರೆ ಆ ಕೆಲಸ ನೋಡುವುದೇ ಒಂದು ಸಂತೋಷ. ಸೈಕಲ್ ಕಡ್ಡಿ ಬಾಗಿಸಿ ತಾವೇ ಮಾಡಿಕೊಂಡ ಕೊಕ್ಕೆಯಿಂದ ಕೀಗಳ ಮೇಲಿನ ಅಕ್ಷರದ ಟೋಪಿಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಅವನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಹಾಕಿ, ಹಳೆಯ ಧೋತರದ ತುಂಡಿನಿಂದ ಒರೆಸಿ, ಮೊರದಲ್ಲಿ ಹರಡಿ ನೆರಳಿನಲ್ಲಿ ಒಣಗಿಸುತ್ತಿದ್ದರು. ಸ್ಪ್ರಿಂಗುಗಳನ್ನು ಇಟ್ಟುಕೊಳ್ಳಲು ಅವ್ವಾರ ಒಗ್ಗರಣೆ ಡಬ್ಬಿಯನ್ನೇ ಹೊಡೆದುಕೊಂಡಿದ್ದರು. ಸಾಸಿವೆಯ ಬಟ್ಟಲಲ್ಲಿ ಹಗುರ ಸ್ಪ್ರಿಂಗು, ಜೀರಿಗೆಯ ಬಟ್ಟಲಲ್ಲಿ ಮಧ್ಯಮ, ಅರಿಶಿನದ್ದರಲ್ಲಿ ಬಿಗಿಯಾದವು.

“ಸಂಡಿಗಿ ಹಾಕೋ ಮೊರದಾಗ ಎಬಿಸಿಡಿ ಒಣಗಿಸಾಕತ್ತಾರ ನೋಡಪಾ ನಿಮ್ಮ ಮಾಸ್ತರು” ಎಂದು ಅವ್ವಾರು ದೂರುತ್ತಿದ್ದರು. “ನಿನ್ನೆ ಒಗ್ಗರಣಿಗಿ ಸಾಸಿವಿ ಅಂತ ಕೈ ಹಾಕಿದ್ರ ಸ್ಪ್ರಿಂಗ್ ಬಂದ್ವು.”

“ಹಾಕಬೇಕಿತ್ತು. ಸಾರು ಜಿಗೀತಿತ್ತು” ಎಂದರು ಮಾಸ್ತರರು ತಲೆ ಎತ್ತದೆ.

ಸ್ವಿಚ್ಚಿನೊಳಗೆ ಎರಡು ಭಾಗ ಉಜ್ಜುವ ಜಾಗಕ್ಕೆ ಗ್ರೀಸು ಹಚ್ಚಬೇಕು. ಹೆಚ್ಚಾದರೆ ಕೀ ಸೋಮಾರಿಯಾಗುತ್ತದೆ, ಕಡಿಮೆಯಾದರೆ ಕೆರೆಯುತ್ತದೆ. ಒಮ್ಮೆ ನಾನೂ ಒಂದು ಕೈ ನೋಡುತ್ತೇನೆಂದು ಕುಂಚ ತೆಗೆದುಕೊಂಡೆ. ಮಾಸ್ತರರು ಕೈ ಹಿಡಿದು ನಿಲ್ಲಿಸಿದರು. “ಹಣಿಗಿ ವಿಭೂತಿ ಹಚ್ಚಿದಂಗ ಅಲ್ಲೋ. ಕೂಸಿನ ಕಣ್ಣಿಗಿ ಕಾಡಿಗಿ ತೀಡಿದಂಗ ತೀಡು.” ಅವರು ಹಾಗೆ ತೀಡುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಒಂದು ಕೀಬೋರ್ಡಿಗೆ ನಾಲ್ಕು ದಿನ, ಐದು ದಿನ. ಯಾರಾದರೂ ಏನು ಕೊಡಬೇಕೆಂದು ಕೇಳಿದರೆ ಮುಖ ಗಂಟಿಕ್ಕುತ್ತಿದ್ದರು. “ಇದು ಧಂದೆ ಅಲ್ಲಪಾ, ಶೌಕ್ ಅದ.”

ಅವರ ಇನ್ನೊಂದು ಪದ್ಧತಿ ನಾನು ಬೇರೆಲ್ಲೂ ಕಾಣಲಿಲ್ಲ. ಯಾರ ಕೀಬೋರ್ಡ್ ರಿಪೇರಿ ಮಾಡುತ್ತಾರೋ ಅವರನ್ನು ಮೊದಲು ಕೂರಿಸಿ ಒಂದು ಪುಟ ಟೈಪು ಮಾಡಿಸುತ್ತಿದ್ದರು. ತಾವು ಬೆನ್ನು ತಿರುಗಿಸಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ಟೋಪಿಗಳನ್ನು ಕಿತ್ತು ಬೆಳಕಿಗೆ ಹಿಡಿದು, ಯಾವುದು ಎಷ್ಟು ಸವೆದಿದೆ ಎಂದು ನೋಡುತ್ತಿದ್ದರು. ಆ ಮೇಲಷ್ಟೇ ಯಾವ ಬೆರಳಿಗೆ ಯಾವ ಸ್ಪ್ರಿಂಗು ಎಂದು ತೀರ್ಮಾನ. “ಮನಷಾ ಸುಳ್ಳು ಹೇಳಬಹುದು. ಅವನ ಕೀಬೋರ್ಡ್ ಹೇಳಾಂಗಿಲ್ಲ” ಎನ್ನುತ್ತಿದ್ದರು. ನನಗಾಗಿ ಹೀಗೆ ಒಂದು ಕೀಬೋರ್ಡ್ ಮಾಡಿಕೊಟ್ಟರು. ನನ್ನ ನಾಚುವ ಕಿರುಬೆರಳಿಗೆ ಸಾಸಿವೆ ಬಟ್ಟಲಿನ ಹಗುರ ಸ್ಪ್ರಿಂಗು. ಮಶೀನಿನ ಚಟಕ್ಕೆ ನಾನು ಜೋರಾಗಿ ಹೊಡೆಯುತ್ತೇನೆಂದು ಪ್ರತಿ ಟೋಪಿಯ ಕೆಳಗೆ ಒಂದು ರಬ್ಬರ್ ಉಂಗುರ. ಅದರ ಮೇಲೆ ಕೈಯಿಟ್ಟ ದಿನ ನನ್ನ ಕೈಗೆ ಹತ್ತು ವರ್ಷ ಕಡಿಮೆಯಾಯಿತು. ನಮ್ಮ ಸಾಲಿನ ಮೂವರು ಟೈಪಿಸ್ಟರು, ಇಬ್ಬರು ವಕೀಲರು ಅದನ್ನು ನೋಡಿ ತಮ್ಮವನ್ನೂ ಅವರಿಗೆ ಕೊಟ್ಟರು. ಮಾಸ್ತರರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹುಮನಾಬಾದಿಗೆ ಬಂದು, ರೋಗಿಗಳನ್ನು ನೋಡುವ ಡಾಕ್ಟರರಂತೆ ಅಂಗಡಿಯಿಂದ ಅಂಗಡಿಗೆ ಹೋಗುತ್ತಿದ್ದರು. ಆ ದಿನಗಳಲ್ಲಿ ಅವರ ನಡಿಗೆಯೇ ಬೇರೆ ಇತ್ತು.

ಇನ್ನು ನನ್ನ ಪಾಪದ ಮಾತು.

ಬೇಮಳಖೇಡದ ಒಬ್ಬ ಹೆಣ್ಣುಮಗಳು ಗಂಡನ ಜೊತೆ ನನ್ನ ಅಂಗಡಿಗೆ ಬಂದಳು. ಒಂದು ಕಚೇರಿಯ ಕೆಲಸಕ್ಕೆ ಆನ್‌ಲೈನ್ ಅರ್ಜಿ ಹಾಕಬೇಕಿತ್ತು. ಡಿಗ್ರಿ ಓದಿದ್ದಳು. ಮದುವೆ, ಎರಡು ಮಕ್ಕಳು ಎಂದು ವರ್ಷಗಳು ಕಳೆದಿದ್ದವು. ಆ ಸಲ ಬಿಟ್ಟರೆ ವಯಸ್ಸಿನ ಮಿತಿ ದಾಟುತ್ತಿತ್ತು. ಸಂದರ್ಶನದ ಪತ್ರ ಇ-ಮೇಲಿಗೇ ಬರುವುದು. ಅವಳ ಇ-ಮೇಲ್ ವಿಳಾಸದ ಹೆಸರಿನ ಕೊನೆಗೆ ಒಂದು ಎಂಬ ಅಂಕಿ ಇತ್ತು. ಚೀಟಿಯಲ್ಲಿ ದುಂಡಗೆ ಬರೆದುಕೊಟ್ಟಿದ್ದಳು.

ಬರಿಯ ಅಂಕಿಗಳ ಖಾನೆ ಬಂದಾಗ ನಾನು ಬಲಗಡೆ ಇರುವ ಅಂಕಿಗಳ ಗುಂಪನ್ನು ನೋಡಿ ನೋಡಿ ಒತ್ತುತ್ತಿದ್ದೆ. ಇಂಗ್ಲಿಷ್ ಅಕ್ಷರಗಳ ನಡುವೆ ಅಂಕಿ ಬಂದರೆ ಮಾತ್ರ ಕಣ್ಣು ಚೀಟಿಯ ಮೇಲೆ, ಕೈ ತನ್ನಷ್ಟಕ್ಕೆ. ಅವತ್ತೂ ಹಾಗೇ ಆಯಿತು. ಒಂದು ಎಂದು ಓದಿದೆ. ಉಂಗುರ ಬೆರಳು ಹೋಗಿ ಎಲ್ ಒತ್ತಿತು. ಕಾಗದದ ಮೇಲಾದರೆ ನಡೆಯುತ್ತಿತ್ತು. ಕಂಪ್ಯೂಟರಿಗೆ ಎಲ್ ಎಂದರೆ ಎಲ್.

ಪತ್ರ ಯಾರಿಗೂ ಮುಟ್ಟಲಿಲ್ಲ. ಸಂದರ್ಶನ ಮುಗಿದು ಹೋಯಿತು. ಚಿಟಗುಪ್ಪದ ಯಾರೋ ಅರ್ಜಿಯನ್ನು ತೆರೆದು ನೋಡಿ, ಇ-ಮೇಲಿನಲ್ಲಿ ಒಂದರ ಬದಲು ಎಲ್ ಬಿದ್ದಿದೆ ಎಂದು ಹೇಳಿದರಂತೆ. ಗಂಡ ಹೆಂಡತಿ ಮಧ್ಯಾಹ್ನ ತುಂಬಿದ ಕೋರ್ಟಿನ ಹೊತ್ತಿನಲ್ಲಿ ನನ್ನ ಅಂಗಡಿಯ ಮುಂದೆ ಬಂದು ನಿಂತರು.

“ಏನ್ರೀ ಯಜಮಾನ್ರ, ಕಣ್ಣು ಕಾಣದಿದ್ರ ಮನಿಯಾಗ ಕುಂದ್ರಬೇಕು. ನಮ್ಮ ಬಾಳು ಯಾಕ ಹಾಳ ಮಾಡ್ತೀರಿ?” ಗಂಡ ಕೂಗಿದ. ಹೆಂಡತಿ ಆ ಚೀಟಿಯನ್ನು ನನ್ನ ಮುಂದೆ ಇಟ್ಟಳು, ಅಷ್ಟೇ.

ನೋಡಿದ ತಕ್ಷಣ ನನಗೆ ತಿಳಿಯಿತು. ಇದು ನನ್ನ ಬೆರಳು ಮಾಡಿದ ಕೆಲಸ. ಆದರೆ ಸುತ್ತ ಜನ ಸೇರಿದ್ದರು. ಮುದುಕನಿಗೆ ಕಣ್ಣು ಮಂಜಾಗಿದೆ, ಅವನ ಹತ್ತಿರ ಟೈಪು ಮಾಡಿಸಬೇಡಿ ಎನ್ನುವ ಮಾತು ಆಗಲೇ ಸಾಲಿನಲ್ಲಿ ಓಡಾಡುತ್ತಿತ್ತು. ನಲವತ್ತು ವರ್ಷದ ನನ್ನ ಕುರ್ಚಿ ಅಲ್ಲಾಡಿದಂತಾಯಿತು. ನನ್ನ ಬಾಯಿಂದ ಬಂದ ಮಾತು ಇದು:

“ನಾ ಒಂದೇ ಒತ್ತೀನ್ರಿ. ಈ ಕೀಬೋರ್ಡ್ ಕಲ್ಯಾಣದ ಮಾಸ್ತರು ಎಲ್ಲಾ ಬಿಚ್ಚಿ ಜೋಡಿಸ್ಯಾರ. ಒತ್ತೋದೊಂದು, ಬೀಳೋದೊಂದು ಆಗ್ಯದ.”

ಪಕ್ಕದ ಅಂಗಡಿಯವನು ಕೈಚಾಚಿ ಮೇಲಿನ ಸಾಲಿನ ಒಂದನ್ನು ಒತ್ತಿದ. ಪರದೆಯ ಮೇಲೆ ಒಂದೇ ಬಂತು. “ಸರಿ ಅದಲ್ರೀ?” ಎಂದ.

“ಆಗಾಗ ಹಂಗ ಮಾಡ್ತದ” ಎಂದೆ. ಮೊದಲ ಸುಳ್ಳನ್ನು ಗಾಬರಿಯಲ್ಲಿ ಹೇಳಿದೆ ಎನ್ನಬಹುದು. ಎರಡನೆಯದನ್ನು ಯೋಚಿಸಿಯೇ ಹೇಳಿದೆ.

ಯಾರೋ ಮಾಸ್ತರರಿಗೆ ಫೋನು ಮಾಡಿದರು. ಮರುದಿನ ಹನ್ನೊಂದರ ಹೊತ್ತಿಗೆ ಅವರು ಒಗ್ಗರಣೆ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಿಂದ ಇಳಿದು ಬಂದರು. ಎಪ್ಪತ್ತೈದು ದಾಟಿದ ಮನುಷ್ಯ. ಗಂಡ ಹೆಂಡತಿಯೂ ಬಂದಿದ್ದರು. ಸಾಲಿನವರು, ಇಬ್ಬರು ವಕೀಲರು ಸುತ್ತ ನಿಂತಿದ್ದರು. ಮಾಸ್ತರರು ನನ್ನನ್ನು ಏನೂ ಕೇಳಲಿಲ್ಲ. ಕೀಬೋರ್ಡನ್ನು ಬಾಗಿಲ ಬೆಳಕಿಗೆ ಒಯ್ದು ಕೊಕ್ಕೆಯಿಂದ ಎರಡೇ ಟೋಪಿ ಕಿತ್ತರು. ಮೇಲಿನ ಸಾಲಿನ ಒಂದರದ್ದು, ಎಲ್‌ನದ್ದು.

ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ನಾನು ನಿಂತಲ್ಲಿಂದಲೂ ಕಾಣುತ್ತಿತ್ತು. ಎಲ್‌ನ ಟೋಪಿ ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದರ ಟೋಪಿ ಅವರು ಹಾಕಿಕೊಟ್ಟಾಗ ಹೇಗಿತ್ತೋ ಹಾಗೇ ಒರಟಾಗಿತ್ತು, ಅದರ ತಲೆಯ ಮೇಲೆ, ಹಿಂದಿನ ದಿನ ಪಕ್ಕದವನು ಒತ್ತಿದ ಒಂದು ಗುರುತು ಬಿಟ್ಟರೆ, ತೆಳ್ಳಗೆ ಧೂಳು ಕೂತಿತ್ತು. ಅದನ್ನು ನಾನು ಯಾವತ್ತೂ ಒತ್ತಿಯೇ ಇರಲಿಲ್ಲ.

ಮಾಸ್ತರರು ಒಮ್ಮೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅಷ್ಟು ಜನರ ಮುಂದೆ ಆ ಎರಡು ಟೋಪಿಗಳನ್ನು ತೋರಿಸಿದ್ದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಅವರು ಒಂದರ ಟೋಪಿಯ ಮೇಲಿನ ಧೂಳನ್ನು ತಮ್ಮ ಅಂಗಿಯ ಅಂಚಿನಿಂದ ಮೆಲ್ಲಗೆ ಒರೆಸಿಬಿಟ್ಟರು.

“ತಪ್ಪು ನಂದೇ ಅದರಿ” ಎಂದರು. “ಇವರದು ಏನಿಲ್ಲ.”

ಗಂಡ ಅವರಿಗೆ ಬಾಯಿಗೆ ಬಂದಂತೆ ಅಂದ. ಮಾಸ್ತರರು ತಲೆ ತಗ್ಗಿಸಿ ಕೇಳಿಸಿಕೊಂಡರು. ನನ್ನ ಕೀಬೋರ್ಡನ್ನು ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಚಹಾ ಕುಡಿದು ಹೋಗಿರೆಂದು ಹೇಳುವಷ್ಟೂ ನನ್ನ ಬಾಯಿ ಏಳಲಿಲ್ಲ. ಆ ವಾರದಲ್ಲೇ ವಕೀಲರೂ ಟೈಪಿಸ್ಟರೂ ಅವರಲ್ಲಿದ್ದ ತಮ್ಮ ಕೀಬೋರ್ಡುಗಳನ್ನು ತರಿಸಿಕೊಂಡರು. ತಿಂಗಳಿಗೊಮ್ಮೆ ಬರುವ ಡಾಕ್ಟರರು ಹುಮನಾಬಾದಿಗೆ ಬರುವುದು ನಿಂತಿತು.

ಎಂಟು ದಿನದ ಮೇಲೆ ಕಂಡಕ್ಟರರ ಕೈಯಲ್ಲಿ ನನಗೊಂದು ಗಂಟು ಬಂತು. ಪೇಪರಿನಲ್ಲಿ ಸುತ್ತಿದ ನನ್ನ ಕೀಬೋರ್ಡು. ಚೀಟಿ ಇಲ್ಲ, ಏನಿಲ್ಲ. ಬಿಚ್ಚಿ ನೋಡಿದೆ. ಎಲ್ಲ ಟೋಪಿಗಳೂ ಮೊದಲಿನಂತೆ ಚೌಕ. ಒಂದರ ಜಾಗದಲ್ಲಿ ಮಾತ್ರ ಟೈಪ್‌ರೈಟರಿನ ದುಂಡನೆಯ ಕೀ, ಸುತ್ತ ಬೆಳ್ಳಗಿನ ಲೋಹದ ಬಳೆ, ಮೇಲೆ ಗಾಜು. ಗಾಜಿನ ಕೆಳಗಿನ ಕಾಗದದ ಮೇಲೆ ಮಾಸ್ತರರೇ ಕಪ್ಪು ಮಸಿಯಲ್ಲಿ ಒಂದರ ಅಂಕಿ ಬರೆದಿದ್ದರು. ಆ ಮಶೀನುಗಳಲ್ಲಿ ಎಂದೂ ಇಲ್ಲದ ಕೀಯನ್ನು ಅವರು ಕೂತು ಮಾಡಿದ್ದರು. ಎಲ್ ಒತ್ತಿ ನೋಡಿದೆ. ಅರಿಶಿನದ ಬಟ್ಟಲಿನ ಬಿಗಿ ಸ್ಪ್ರಿಂಗು. ಗೊತ್ತಿಲ್ಲದೆ ಬೆರಳು ಅಲ್ಲಿಗೆ ಹೋದರೆ, ಅದು ಬೆರಳನ್ನು ತಡೆದು ನಿಲ್ಲಿಸುತ್ತಿತ್ತು.

ಅವರಿಗೆ ಎಲ್ಲವೂ ತಿಳಿದಿತ್ತು ಎನ್ನುವುದಕ್ಕೆ ಇನ್ನೇನು ಬೇಕು? ನಾನು ಅವತ್ತೇ ಕಲ್ಯಾಣದ ಬಸ್ಸು ಹತ್ತಬೇಕಿತ್ತು. ಮುಕ್ಕಾಲು ತಾಸಿನ ದಾರಿ. ಹತ್ತಲಿಲ್ಲ. ಅದೇ ಪೇಪರಿನಲ್ಲಿ ಮತ್ತೆ ಸುತ್ತಿ ಅಟ್ಟದ ಮೇಲೆ ಇಟ್ಟೆ. ರಬ್ಬರ್ ಹಾಳೆಯ ಸೋವಿ ಕೀಬೋರ್ಡ್ ತಂದು ಕೆಲಸ ಮುಂದುವರಿಸಿದೆ. ಒಮ್ಮೆ ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಮಾಸ್ತರರು ಅವ್ವಾರ ಜೊತೆ ಕೂತಿದ್ದನ್ನು ಕಂಡೆ. ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಂತುಕೊಂಡೆ, ಅವರ ಬಸ್ಸು ಹೋಗುವವರೆಗೆ. ಅವರು ಸುಮ್ಮನೆ ಕೂತಿರಲಿಲ್ಲ. ತೊಡೆಯ ಮೇಲೆ ಬೆರಳಾಡಿಸುತ್ತ, ಇಲ್ಲದ ಕೀಗಳನ್ನು ಒತ್ತುತ್ತಿದ್ದರು.

ಅವರು ಹೋದ ಸುದ್ದಿ ನನಗೆ ಮೂರು ದಿನ ತಡವಾಗಿ ತಿಳಿಯಿತು. ಮನೆಗೆ ಹೋದೆ. ಅವ್ವಾರು ಗೋಡೆಗೆ ಒರಗಿ ಕೂತಿದ್ದರು. “ಬಾ ತಮ್ಮಾ. ಭಾಳ ದಿನ ಆತಲ್ಲ ಬಂದು” ಎಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಮಾಸ್ತರರು ಹೆಂಡತಿಗೂ ಹೇಳಿರಲಿಲ್ಲ. ಒಗ್ಗರಣೆ ಡಬ್ಬಿ ಕಿಟಕಿಯ ಮೇಲೆ ಇತ್ತು. “ಈಗ ಸಾಸಿವಿ ಹಾಕ್ಕೊಳ್ಳಬಹುದು. ಮನಸ್ಸಾಗವಲ್ದು” ಎಂದರು. ನಾನು ಅಲ್ಲಿಯೂ ಬಾಯಿ ಬಿಡಲಿಲ್ಲ.

ಮೊನ್ನೆ ಮೊನ್ನೆ ಧೈರ್ಯ ಮಾಡಿ ಬೇಮಳಖೇಡಕ್ಕೆ ಹೋದೆ. ಆ ಹೆಣ್ಣುಮಗಳ ಮನೆ ಕೇಳಿ ಹುಡುಕಿದೆ. ಎಮ್ಮೆಗೆ ನೀರಿಡುತ್ತಿದ್ದಳು. ಗುರುತು ಹಿಡಿದಳು. ಅಂಗಳದಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ. ಬೆರಳು ನನ್ನದು, ಸುಳ್ಳು ನನ್ನದು, ಮಾಸ್ತರರದು ಏನೂ ತಪ್ಪಿರಲಿಲ್ಲ, ನನ್ನನ್ನು ಕ್ಷಮಿಸು ತಾಯಿ ಎಂದೆ. ಅವಳು ಬಕೆಟ್ಟು ಕೆಳಗಿಟ್ಟಳು.

“ಈ ಮಾತಿಗೆ ಕ್ಷಮಾ ಕೇಳಾಕ ಬಂದ ಎರಡನೇದವರು ನೀವು.”

“ಮೊದಲು ಯಾರು ಬಂದಿದ್ರು?”

“ಮಾಸ್ತರು. ಅವತ್ತು ನಿಮ್ಮ ಅಂಗಡಿ ಮುಂದ ಆತಲ್ಲ, ಅದರ ಮುಂದಿನ ವಾರ. ಆ ಬಿಸಲಾಗ ಬಸ್ ಇಳದು ಇಲ್ಲಿತನಕ ನಡ್ಕೋತ ಬಂದ್ರು. ಇದೇ ಕಟ್ಟಿ ಮ್ಯಾಲ ಕುಂತ್ರು. ‘ಅವಾ ಒತ್ತಿದ್ದು ತಪ್ಪವ್ವಾ, ಖರೇ. ಆದ್ರ ಅವನ ಬೆರಳಿಗಿ ಆ ದಾರಿ ಕಲಿಸಿದಾವ ನಾನು. ಒಂದಕ್ಕ ಎಲ್ ಹೊಡಿ ಅಂತ ನಾನೇ ಹೇಳಿದ್ದೆ. ಮಶೀನ್ ಹೋದ ಮ್ಯಾಲ ಎಲ್ಲಾ ಹುಡುಗರನ್ನ ಕರದು, ಇನ್ನ ಹಂಗ ಹೊಡಿಬ್ಯಾಡ್ರಿ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕ ತಪ್ಪು ನಂದೇ’ ಅಂದ್ರು. ನನ್ನ ಗಂಡಗ ಸಿಟ್ಟು ಇಳಿದಿರಲಿಲ್ಲ, ಏನೇನೋ ಅಂದ. ಅವರು ಎದ್ದು ಹೋಗಲಿಲ್ರಿ.”

ಅವಳು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಒಂದು ಕೀಬೋರ್ಡ್ ತಂದು ತೋರಿಸಿದಳು. ಮಾಸ್ತರರ ಕೈಯದು, ನೋಡಿದರೆ ಗೊತ್ತಾಗುತ್ತಿತ್ತು. ವರ್ಷದೊಳಗೆ ಮಾಡಿಕೊಟ್ಟು ಹೋಗಿದ್ದರಂತೆ. ಈಗ ಅವಳು ಊರವರ ಅರ್ಜಿಗಳನ್ನು ಮನೆಯಲ್ಲೇ ತುಂಬಿಕೊಡುತ್ತಾಳೆ. ಬಯಸಿದ ಕೆಲಸ ಮಾತ್ರ ಹೋದದ್ದು ಹೋಯಿತು. ಅದನ್ನು ಅವಳೂ ಮರೆತಿಲ್ಲ, ಮರೆತಂತೆ ನಟಿಸಲೂ ಇಲ್ಲ.

“ನಾ ನಿಮಗ ಏನಂತ ಹೇಳ್ಲಿರಿ?” ಎಂದಳು. “ಸಿಟ್ಟದ. ಆದ್ರ ಈಟು ದೂರ ಬಂದೀರಿ, ಚಹಾ ಕುಡದು ಹೋಗ್ರಿ.” ಲೋಟ ಕೈಗೆ ಕೊಡುತ್ತ ಕೇಳಿದಳು. “ಮಾಸ್ತರು ಇದ್ದಾಗ ಅವರಿಗಿ ಹೋಗಿ ಹೇಳಿದ್ರೇನ್ರಿ?”

“ಇಲ್ಲವ್ವಾ” ಎಂದೆ. ಚಹಾ ಮುಗಿಸಿ ಬಸ್ಸಿನ ಕಡೆ ನಡೆದೆ.

ಮನೆಗೆ ಬಂದು ಅಟ್ಟದಿಂದ ಆ ಗಂಟು ಇಳಿಸಿದೆ. ಪೇಪರು ಹಳದಿಯಾಗಿತ್ತು. ಕೀಬೋರ್ಡು ಹೊಸದರಂತೆಯೇ ಇತ್ತು, ಗ್ರೀಸು ಒಣಗಿರಲಿಲ್ಲ. ಇದನ್ನೆಲ್ಲ ಅದರ ಮೇಲೆಯೇ ಟೈಪು ಮಾಡಿದ್ದೇನೆ. ಕೂರುವ ಮೊದಲು ಬರಿಯ ಒಂದರ ಸಾಲುಗಳನ್ನು ಒಂದು ಪುಟ ಹೊಡೆದು ಅಭ್ಯಾಸ ಮಾಡಿದೆ, ಹದಿನಾರರ ಹುಡುಗನಂತೆ. ಬೆರಳು ಹಳೆಯ ದಾರಿ ಹಿಡಿದಾಗಲೆಲ್ಲ ಬಿಗಿ ಸ್ಪ್ರಿಂಗು ತಡೆಯಿತು. ತಡೆದಾಗ ಬೆರಳನ್ನೆತ್ತಿ ಮೇಲಿನ ದುಂಡನೆಯ ಗಾಜಿನ ಮೇಲೆ ಇಟ್ಟೆ.

ಬೇಮಳಖೇಡದ ಆ ತಾಯಿಯಲ್ಲಿ ಕ್ಷಮೆ ಕೇಳಿದೆ. ನಾಳೆ ಕಲ್ಯಾಣಕ್ಕೆ ಹೋಗಿ ಅವ್ವಾರಿಗೆ ಇದನ್ನು ಓದಿ ಹೇಳಿ ಅವರಲ್ಲಿಯೂ ಕೇಳುತ್ತೇನೆ. ಎಲ್ಲರಿಗಿಂತ ಮೊದಲು ಯಾರಲ್ಲಿ ಕೇಳಬೇಕಿತ್ತೋ, ಕೇಳಿದ್ದರೆ ಯಾರು “ಹೋಗ್ಲಿ ಬಿಡೋ ತಮ್ಮಾ” ಎಂದು ನಕ್ಕುಬಿಡುತ್ತಿದ್ದರೋ, ಅವರೊಬ್ಬರಲ್ಲೇ ನಾನು ಎಂದೂ ಕೇಳದೆ ಉಳಿದೆ: ನನ್ನ ಟೈಪಿಂಗ್ ಮಾಸ್ತರರಲ್ಲಿ.